ಕ್ಯಾನ್ಸರ್ ಚಿಕಿತ್ಸೆ ಮತ್ತು ಅನುಸರಣಾ ಆರೈಕೆ

ಕ್ಯಾನ್ಸರ್ ಚಿಕಿತ್ಸೆ ಎಂದರೆ ಹತೋಟಿ ಮೀರಿ ಬೆಳೆದು ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಅಥವಾ ದೂರದ ಅಂಗಗಳಿಗೆ ಹರಡುವ ಜೀವಕೋಶಗಳನ್ನು ತೆಗೆದುಹಾಕಲು, ನಾಶಪಡಿಸಲು ಇಲ್ಲವೆ ಅವುಗಳ ಬೆಳವಣಿಗೆಯನ್ನು ತಡೆಯಲು ಬಳಸುವ ವೈದ್ಯಕೀಯ ವಿಧಾನಗಳ ಸಮುಚ್ಚಯ. ಮುಖ್ಯ ಚಿಕಿತ್ಸೆ ಮುಗಿದ ಬಳಿಕ ರೋಗ ಮರುಕಳಿಸಿದೆಯೇ ಎಂದು ನಿಯತವಾಗಿ ಪರೀಕ್ಷಿಸುವುದು, ಚಿಕಿತ್ಸೆಯ ತಡವಾದ ಪರಿಣಾಮಗಳನ್ನು ನಿಭಾಯಿಸುವುದು ಮತ್ತು ರೋಗಿಯನ್ನು ದೈನಂದಿನ ಬದುಕಿಗೆ ಮರಳಿಸುವುದು ಅನುಸರಣಾ ಆರೈಕೆ ಎನಿಸುತ್ತದೆ. ಈ ಲೇಖನವು ಚಿಕಿತ್ಸೆಯ ಸಾಮಾನ್ಯ ಸ್ವರೂಪವನ್ನೂ, ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳ ಭಾಗದಲ್ಲಿ, ವಿಶೇಷವಾಗಿ ಗುರುಗುಂಟಾದಂಥ ಹಳ್ಳಿಗಳ ರೋಗಿಗೆ, ಅದು ಒದಗುವ ವ್ಯವಸ್ಥೆಯನ್ನೂ ವಿವರಿಸುತ್ತದೆ.

ಪರಿಭಾಷೆ

ಗ್ರೀಕ್ ವೈದ್ಯ ಹಿಪೊಕ್ರಟೀಸನ ಪರಂಪರೆಯವರು ಈ ರೋಗವನ್ನು ಏಡಿಗೆ ಹೋಲಿಸಿ ‘ಕಾರ್ಕಿನೋಸ್’ ಎಂದು ಕರೆದರು. ಅದೇ ಅರ್ಥದ ಲ್ಯಾಟಿನ್ ಪದವೇ ‘ಕ್ಯಾನ್ಸರ್’. ಕನ್ನಡದ ವಿಜ್ಞಾನ ಬರಹಗಳಲ್ಲಿ ಕಾಣುವ ‘ಏಡಿಗಂತಿ’ ಎಂಬ ಪದವೂ ಇದೇ ಹೋಲಿಕೆಯಿಂದ ಬಂದದ್ದು. ‘ಗಂತಿ’ ಎಂದರೆ ಗಡ್ಡೆ. ಸಂಸ್ಕೃತ ವೈದ್ಯಗ್ರಂಥಗಳ ‘ಅರ್ಬುದ’ ಶಬ್ದವೂ ಬಳಕೆಯಲ್ಲಿದೆ. ಆಡುಮಾತಿನಲ್ಲಿ ‘ಗಂಟು’, ‘ಗಡ್ಡೆ’ ಎಂಬ ಪದಗಳು ರೂಢಿ. ವಿಕಿರಣ ಚಿಕಿತ್ಸೆಗೆ ರೋಗಿಗಳು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಈ ಚಿಕಿತ್ಸೆಯಲ್ಲಿ ದೇಹಕ್ಕೆ ವಿದ್ಯುತ್ ಹಾಯಿಸುವುದಿಲ್ಲ, ಅಧಿಕ ಶಕ್ತಿಯ ಕಿರಣಗಳನ್ನು ಹಾಯಿಸಲಾಗುತ್ತದೆ.

ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಹರಡದೆ ಒಂದೆಡೆ ಉಳಿಯುವುದು ಸೌಮ್ಯ ಗಡ್ಡೆ, ನುಗ್ಗಿ ಹರಡುವುದು ಮಾರಕ ಗಡ್ಡೆ. ಪರೀಕ್ಷೆಯಲ್ಲಿ ರೋಗದ ಸುಳಿವು ಕಾಣದ ಸ್ಥಿತಿಗೆ ‘ರೋಗಶಮನ’, ಆ ಬಳಿಕ ಅದು ಮತ್ತೆ ತಲೆದೋರುವುದಕ್ಕೆ ‘ಮರುಕಳಿಕೆ’, ಮೂಲ ಅಂಗದಿಂದ ಬೇರೆ ಅಂಗಕ್ಕೆ ಹಬ್ಬುವುದಕ್ಕೆ ‘ಸ್ಥಾನಾಂತರ’ ಎಂಬ ಪದಗಳನ್ನು ಇಲ್ಲಿ ಬಳಸಲಾಗಿದೆ.

ಇತಿಹಾಸ

ಕ್ಯಾನ್ಸರ್ ಚಿಕಿತ್ಸೆಯ ಮೊದಲ ಸಾಧನ ಶಸ್ತ್ರಚಿಕಿತ್ಸೆ. 19ನೆಯ ಶತಮಾನದ ಮಧ್ಯದಲ್ಲಿ ಅರಿವಳಿಕೆಯೂ ನಂಜುನಿವಾರಕ ಕ್ರಮಗಳೂ ಬಂದ ಮೇಲೆ ದೊಡ್ಡ ಶಸ್ತ್ರಕ್ರಿಯೆಗಳು ಸಾಧ್ಯವಾದವು. 1895ರಲ್ಲಿ ರಾಂಟ್‌ಜೆನ್ ಎಕ್ಸ್‌ಕಿರಣವನ್ನೂ 1898ರಲ್ಲಿ ಮೇರಿ ಮತ್ತು ಪಿಯರಿ ಕ್ಯೂರಿ ರೇಡಿಯಂ ಧಾತುವನ್ನೂ ಕಂಡುಹಿಡಿದರು. ಇದರಿಂದ ವಿಕಿರಣ ಚಿಕಿತ್ಸೆಗೆ ದಾರಿಯಾಯಿತು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರ ಬಳಕೆಗೆ ಬಂತು.

ಔಷಧ ಚಿಕಿತ್ಸೆ 1940ರ ದಶಕದ್ದು. ನೈಟ್ರೋಜನ್ ಮಸ್ಟರ್ಡ್ ಎಂಬ ರಾಸಾಯನಿಕವನ್ನು ದುಗ್ಧಗ್ರಂಥಿಯ ಕ್ಯಾನ್ಸರಿಗೆ ಮೊದಲು ಪ್ರಯೋಗಿಸಲಾಯಿತು. 1948ರಲ್ಲಿ ಅಮೆರಿಕದ ಸಿಡ್ನಿ ಫಾರ್ಬರ್, ಮಕ್ಕಳ ರಕ್ತಕ್ಯಾನ್ಸರ್ ಅಮಿನಾಪ್ಟೆರಿನ್‌ನಿಂದ ತಾತ್ಕಾಲಿಕವಾಗಿ ಶಮನಗೊಂಡದ್ದನ್ನು ವರದಿ ಮಾಡಿದರು. ಆ ಔಷಧ ಸಿದ್ಧವಾದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾ ಮುಖ್ಯಸ್ಥರಾಗಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ. 1970ರ ದಶಕದಲ್ಲಿ ಟಮಾಕ್ಸಿಫೆನ್, 1998ರಲ್ಲಿ ಟ್ರಾಸ್ಟುಜುಮ್ಯಾಬ್, 2001ರಲ್ಲಿ ಇಮ್ಯಾಟಿನಿಬ್ ಔಷಧಗಳು ಬಳಕೆಗೆ ಬಂದವು. ರೋಗನಿರೋಧಕ ವ್ಯವಸ್ಥೆಯ ತಡೆಯನ್ನು ಸಡಿಲಿಸುವ ಚಿಕಿತ್ಸೆಯ ಮೂಲ ಶೋಧಕ್ಕಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪ್ರಶಸ್ತಿ ಪಡೆದರು.

ಭಾರತದಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ, ಮದರಾಸಿನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ 1954ರಲ್ಲಿ ಆರಂಭವಾದವು. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆ ರಾಜ್ಯದ ರಾಜಧಾನಿಯಲ್ಲಿ 1955ರಲ್ಲಿ ತೆರೆದ ಕ್ಯಾನ್ಸರ್ ಆಸ್ಪತ್ರೆ ಇಂದಿನ ಎಂಎನ್‌ಜೆ ಕ್ಯಾನ್ಸರ್ ಸಂಸ್ಥೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರು ಹೊತ್ತ ಈ ಸಂಸ್ಥೆ 1980ರಲ್ಲಿ ಸ್ವಾಯತ್ತಗೊಂಡು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್.ಬಿ. ಪಾಟೀಲರು ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಕಲಬುರಗಿಯಲ್ಲಿ ಕಿದ್ವಾಯಿಯ ಪ್ರಾದೇಶಿಕ ಘಟಕ ಕೆಲಸ ಮಾಡುತ್ತಿದೆ.

ರೋಗನಿರ್ಣಯ ಮತ್ತು ಹಂತ

ಚಿಕಿತ್ಸೆ ಯಾವುದೆಂಬುದು ಮೂರು ಸಂಗತಿಗಳಿಂದ ನಿರ್ಧಾರವಾಗುತ್ತದೆ: ಕ್ಯಾನ್ಸರಿನ ಬಗೆ, ಅದು ಹರಡಿರುವ ಹಂತ, ರೋಗಿಯ ದೇಹಸ್ಥಿತಿ. ಬಗೆಯನ್ನು ತಿಳಿಸುವುದು ಬಯಾಪ್ಸಿ. ಗಡ್ಡೆಯ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಈ ಪರೀಕ್ಷೆಯಿಂದಲೇ ಬಹುತೇಕ ಕ್ಯಾನ್ಸರುಗಳು ದೃಢಪಡುತ್ತವೆ. ತೆಳು ಸೂಜಿಯಿಂದ ಜೀವಕೋಶ ಹೀರಿ ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಪ್ರಾಥಮಿಕ ಸುಳಿವು ನೀಡುತ್ತದೆ. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂಬ ಭಯ ಜನರಲ್ಲಿ ವ್ಯಾಪಕ. ಕ್ರಮಬದ್ಧವಾಗಿ ಮಾಡಿದ ಬಯಾಪ್ಸಿಯಿಂದ ಹಾಗಾಗುವ ಸಾಧ್ಯತೆ ಅತ್ಯಂತ ವಿರಳ.

ಸ್ತನ ಕ್ಯಾನ್ಸರಿನಲ್ಲಿ ಬಯಾಪ್ಸಿಯ ತುಣುಕಿನ ಮೇಲೆಯೇ ಈಸ್ಟ್ರೋಜನ್ ಗ್ರಾಹಕ, ಪ್ರೊಜೆಸ್ಟರಾನ್ ಗ್ರಾಹಕ ಮತ್ತು ಹರ್-2 ಪ್ರೋಟೀನಿನ ಪರೀಕ್ಷೆ ನಡೆಯುತ್ತದೆ. ಈ ಮೂರರ ಫಲಿತಾಂಶವೇ ಹಾರ್ಮೋನ್ ಮಾತ್ರೆ ಬೇಕೇ, ಗುರಿನಿರ್ದೇಶಿತ ಔಷಧ ಬೇಕೇ ಎಂಬುದನ್ನು ತೀರ್ಮಾನಿಸುತ್ತದೆ.

ಹಂತ ನಿರ್ಧಾರಕ್ಕೆ ಟಿಎನ್‌ಎಂ ಪದ್ಧತಿ ಬಳಕೆಯಲ್ಲಿದೆ. ಫ್ರೆಂಚ್ ಶಸ್ತ್ರವೈದ್ಯ ಪಿಯರಿ ಡೆನ್ವಾ 1940ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ‘ಟಿ’ ಎಂದರೆ ಮೂಲ ಗಡ್ಡೆಯ ಗಾತ್ರ, ‘ಎನ್’ ಎಂದರೆ ದುಗ್ಧಗ್ರಂಥಿಗಳಿಗೆ ಹರಡಿದ ಪ್ರಮಾಣ, ‘ಎಂ’ ಎಂದರೆ ದೂರದ ಸ್ಥಾನಾಂತರ. ಮೂರನ್ನೂ ಸೇರಿಸಿ 1ರಿಂದ 4ರವರೆಗೆ ಹಂತ ಹೇಳುತ್ತಾರೆ. ರಕ್ತಕ್ಯಾನ್ಸರುಗಳಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ. ಸಿಟಿ, ಎಂಆರ್‌ಐ, ಪೆಟ್-ಸಿಟಿ ಸ್ಕ್ಯಾನ್‌ಗಳಲ್ಲಿ ಯಾವುದು ಬೇಕೆಂಬುದು ಅಂಗವನ್ನು ಅವಲಂಬಿಸಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯರು, ವಿಕಿರಣ ತಜ್ಞರು, ಔಷಧ ತಜ್ಞರು, ರೋಗಶಾಸ್ತ್ರಜ್ಞರು ಒಟ್ಟಿಗೆ ಕುಳಿತು ಯೋಜನೆ ನಿರ್ಧರಿಸುವ ಸಭೆಗೆ ಟ್ಯೂಮರ್ ಬೋರ್ಡ್ ಎಂದು ಹೆಸರು.

ಚಿಕಿತ್ಸೆಯ ಉದ್ದೇಶಗಳು

ಚಿಕಿತ್ಸೆಯನ್ನು ಉದ್ದೇಶದ ಮೇಲೆ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ರೋಗವನ್ನು ಸಂಪೂರ್ಣ ತೊಡೆದುಹಾಕುವ ಗುರಿಯುಳ್ಳದ್ದು ಗುಣಕಾರಕ ಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಮೊದಲು ಗಡ್ಡೆಯನ್ನು ಕುಗ್ಗಿಸಲು ಕೊಡುವುದು ಪೂರ್ವಸಹಾಯಕ ಚಿಕಿತ್ಸೆ. ಶಸ್ತ್ರಚಿಕಿತ್ಸೆಯ ಬಳಿಕ ಕಣ್ಣಿಗೆ ಕಾಣದೆ ಉಳಿದಿರಬಹುದಾದ ಜೀವಕೋಶಗಳನ್ನು ನಾಶಪಡಿಸಲು ಕೊಡುವುದು ಸಹಾಯಕ ಚಿಕಿತ್ಸೆ. ಗುಣವಾಗದ ಹಂತದಲ್ಲಿ ನೋವು, ರಕ್ತಸ್ರಾವ, ಉಸಿರುಗಟ್ಟುವಿಕೆ ಕಡಿಮೆ ಮಾಡಿ ಆಯುಷ್ಯ ಮತ್ತು ನೆಮ್ಮದಿ ಹೆಚ್ಚಿಸುವುದು ಉಪಶಾಮಕ ಚಿಕಿತ್ಸೆ. ಒಂದೇ ವಿಧಾನ, ಉದಾಹರಣೆಗೆ ವಿಕಿರಣ, ಈ ನಾಲ್ಕೂ ಉದ್ದೇಶಗಳಿಗೆ ಬಳಕೆಯಾಗಬಹುದು.

ಚಿಕಿತ್ಸಾ ವಿಧಗಳು

ಶಸ್ತ್ರಚಿಕಿತ್ಸೆ. ಗಡ್ಡೆಯನ್ನು ಸುತ್ತಲಿನ ಸ್ವಲ್ಪ ಆರೋಗ್ಯಕರ ಅಂಗಾಂಶದೊಂದಿಗೆ ತೆಗೆಯುವುದು ಇದರ ತತ್ತ್ವ. ಗಡ್ಡೆ ಹರಡಬಹುದಾದ ದುಗ್ಧಗ್ರಂಥಿಗಳನ್ನೂ ಹಲವು ವೇಳೆ ಜೊತೆಗೇ ತೆಗೆಯುತ್ತಾರೆ. ಬಾಯಿಯ ಆರಂಭಿಕ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೇ, ಊದಿಕೊಂಡ ಮೇಲೆ ತೆಗೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನದಿಂದ. 2015ರಲ್ಲಿ ಪ್ರಕಟವಾದ ಅದರ ಪ್ರಕಾರ ಮೊದಲೇ ತೆಗೆದವರಲ್ಲಿ 3 ವರ್ಷ ಬದುಕುಳಿದವರ ಪ್ರಮಾಣ ಶೇ 80, ಕಾದು ತೆಗೆದವರಲ್ಲಿ ಶೇ 67.5. ದವಡೆ ತೆಗೆದಾಗ ಎದೆಯ ಸ್ನಾಯು ಅಥವಾ ಕಾಲಿನ ಮೂಳೆಯಿಂದ ಅದನ್ನು ಮರುರಚಿಸಬಹುದು. ಸ್ತನ ಕ್ಯಾನ್ಸರಿನಲ್ಲಿ ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಇಡೀ ಸ್ತನ ತೆಗೆದಷ್ಟೇ ಬದುಕುಳಿಯುವಿಕೆ ಇರುತ್ತದೆ ಎಂಬುದು 2002ರಲ್ಲಿ ಪ್ರಕಟವಾದ 20 ವರ್ಷಗಳ ಅನುಸರಣೆಯಿಂದ ದೃಢಪಟ್ಟಿತು.

ವಿಕಿರಣ ಚಿಕಿತ್ಸೆ. ಅಧಿಕ ಶಕ್ತಿಯ ಕಿರಣಗಳು ಜೀವಕೋಶದ ಡಿಎನ್‌ಎಯನ್ನು ಹಾನಿಗೊಳಿಸಿ ಅದು ವಿಭಜನೆಯಾಗದಂತೆ ಮಾಡುತ್ತವೆ. ಯಂತ್ರದಿಂದ ಹೊರಗಿನಿಂದ ಕೊಡುವುದು ಬಾಹ್ಯ ವಿಕಿರಣ. ವಿಕಿರಣ ಮೂಲವನ್ನು ಗಡ್ಡೆಯ ಒಳಗೆ ಅಥವಾ ಪಕ್ಕದಲ್ಲೇ ಇರಿಸಿ ಕೊಡುವುದು ಬ್ರೇಕಿಥೆರಪಿ. ಪ್ರಮಾಣವನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆದು ದಿನಕ್ಕೊಂದು ಕಂತಿನಂತೆ ವಾರಕ್ಕೆ 5 ದಿನ ಕೊಡುವುದು ರೂಢಿ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಸುಮಾರು 66ರಿಂದ 70 ಗ್ರೇ, ಅಂದರೆ 6ರಿಂದ 7 ವಾರ ಬೇಕಾಗುತ್ತದೆ. ಸ್ತನ ಕ್ಯಾನ್ಸರಿಗೆ 40 ಗ್ರೇಯನ್ನು 15 ಕಂತುಗಳಲ್ಲಿ 3 ವಾರಕ್ಕೆ ಮುಗಿಸುವ ಕ್ರಮ ವ್ಯಾಪಕವಾಗಿದೆ. ಆಯ್ದ ರೋಗಿಗಳಿಗೆ 5 ಕಂತುಗಳಲ್ಲಿ 26 ಗ್ರೇ ಕೊಡುವ ಕ್ರಮವನ್ನು 2020ರ ಬ್ರಿಟನ್ ಅಧ್ಯಯನವೊಂದು ಸಮರ್ಥಿಸಿತು. ಒಂದೊಂದು ಕಂತು ಕೆಲವೇ ನಿಮಿಷಗಳದ್ದು, ನೋವಿಲ್ಲದ್ದು. ಬಾಹ್ಯ ವಿಕಿರಣ ಪಡೆದವರ ಮೈಯಿಂದ ಮನೆಯವರಿಗೆ ಕಿರಣ ತಗಲುವುದಿಲ್ಲ.

ಕಿಮೋಥೆರಪಿ. ವೇಗವಾಗಿ ವಿಭಜಿಸುವ ಜೀವಕೋಶಗಳನ್ನು ಕೊಲ್ಲುವ ಔಷಧಗಳ ಬಳಕೆ ಇದು. ಹೆಚ್ಚಿನವು ರಕ್ತನಾಳದ ಮೂಲಕ, ಕೆಲವು ಮಾತ್ರೆಯಾಗಿ. ಸಾಮಾನ್ಯವಾಗಿ 21 ದಿನಗಳಿಗೊಂದರಂತೆ ಆವರ್ತಗಳಲ್ಲಿ ಕೊಡುತ್ತಾರೆ. ನಡುವಿನ ಬಿಡುವಿನಲ್ಲಿ ಅಸ್ಥಿಮಜ್ಜೆ ಚೇತರಿಸಿಕೊಳ್ಳುತ್ತದೆ. ಕೂದಲ ಬುಡ, ಬಾಯಿಯ ಲೋಳೆಪೊರೆ, ಅಸ್ಥಿಮಜ್ಜೆಗಳ ಜೀವಕೋಶಗಳೂ ವೇಗವಾಗಿ ವಿಭಜಿಸುವುದರಿಂದ ಕೂದಲುದುರುವುದು, ಬಾಯಿ ಹುಣ್ಣು, ಬಿಳಿ ರಕ್ತಕಣ ಇಳಿಯುವುದು ಕಾಣುತ್ತವೆ.

ಹಾರ್ಮೋನ್ ಚಿಕಿತ್ಸೆ. ಹಾರ್ಮೋನ್ ಅವಲಂಬಿಸಿ ಬೆಳೆಯುವ ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ದಿನಕ್ಕೆ 20 ಮಿ.ಗ್ರಾಂನಂತೆ, ಮುಟ್ಟು ನಿಂತವರಿಗೆ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್, 5ರಿಂದ 10 ವರ್ಷ ಕೊಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಪುರುಷ ಹಾರ್ಮೋನನ್ನು ಚುಚ್ಚುಮದ್ದಿನಿಂದ ಅಥವಾ ವೃಷಣ ತೆಗೆಯುವ ಶಸ್ತ್ರಕ್ರಿಯೆಯಿಂದ ತಗ್ಗಿಸುತ್ತಾರೆ.

ಗುರಿನಿರ್ದೇಶಿತ ಚಿಕಿತ್ಸೆ. ಕ್ಯಾನ್ಸರ್ ಜೀವಕೋಶದ ನಿರ್ದಿಷ್ಟ ದೋಷವನ್ನು ಗುರಿಯಾಗಿಸುವ ಔಷಧಗಳಿವು. ದೀರ್ಘಕಾಲೀನ ಮೈಲಾಯ್ಡ್ ರಕ್ತಕ್ಯಾನ್ಸರಿಗೆ ದಿನವೂ ನುಂಗುವ ಇಮ್ಯಾಟಿನಿಬ್ ಮಾತ್ರೆ, ಹರ್-2 ಇರುವ ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮ್ಯಾಬ್ ಪ್ರಸಿದ್ಧ ಉದಾಹರಣೆಗಳು.

ಇಮ್ಯುನೊಥೆರಪಿ. ದೇಹದ ರೋಗನಿರೋಧಕ ಕೋಶಗಳೇ ಕ್ಯಾನ್ಸರನ್ನು ಗುರುತಿಸಿ ದಾಳಿ ಮಾಡುವಂತೆ ಮಾಡುವುದು ಇದರ ತತ್ತ್ವ. ರೋಗಿಯದೇ ಟಿ-ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ಇದರ ಒಂದು ರೂಪ. ಮುಂಬಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಅಭಿವೃದ್ಧಿಪಡಿಸಿದ ನೆಕ್ಸ್‌ಕಾರ್-19ಕ್ಕೆ 2023ರಲ್ಲಿ ಅನುಮತಿ ದೊರೆಯಿತು.

ಅಸ್ಥಿಮಜ್ಜೆ ಕಸಿ. ಕೆಲವು ರಕ್ತಕ್ಯಾನ್ಸರುಗಳಲ್ಲಿ ಅಧಿಕ ಪ್ರಮಾಣದ ಔಷಧದಿಂದ ರೋಗಗ್ರಸ್ತ ಮಜ್ಜೆಯನ್ನು ನಾಶಪಡಿಸಿ, ರೋಗಿಯ ಅಥವಾ ದಾನಿಯ ಆಕರಕೋಶಗಳನ್ನು ಕೊಡುತ್ತಾರೆ.

ಪ್ರಮುಖ ಕ್ಯಾನ್ಸರುಗಳಲ್ಲಿ ವಿಧಾನಗಳ ಸಂಯೋಜನೆ

ಬಾಯಿ ಕ್ಯಾನ್ಸರ್. ತಂಬಾಕು, ಗುಟ್ಕಾ, ಎಲೆ-ಅಡಿಕೆಯೊಂದಿಗೆ ನಿಕಟ ಸಂಬಂಧವಿರುವ ರೋಗ. ತಂಬಾಕು ಬೆರೆಸದ ಅಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ಹಂತ ಮುಂದುವರಿದಿದ್ದರೆ ಬಳಿಕ ವಿಕಿರಣ, ಅಪಾಯ ಹೆಚ್ಚಿದ್ದರೆ ಜೊತೆಗೆ ಸಿಸ್ಪ್ಲಾಟಿನ್ ಎಂಬ ಕಿಮೋಥೆರಪಿ ಔಷಧ ಕೊಡುತ್ತಾರೆ.

ಗರ್ಭಕಂಠದ ಕ್ಯಾನ್ಸರ್. ಬಿಳಿ ಹೋಗುವುದು, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಾಣುವುದು ಮುಖ್ಯ ಲಕ್ಷಣಗಳು. ಆರಂಭಿಕ ಹಂತದಲ್ಲಿ ಗರ್ಭಕೋಶವನ್ನು ವಿಸ್ತೃತವಾಗಿ ತೆಗೆಯುವ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹೊಟ್ಟೆ ತೆರೆದು ಮಾಡುವ ಕ್ರಮವೇ ಲ್ಯಾಪ್ರೊಸ್ಕೋಪಿಗಿಂತ ಸುರಕ್ಷಿತ ಎಂಬುದನ್ನು 2018ರ ಅಧ್ಯಯನ ತೋರಿಸಿತು. ಮುಂದುವರಿದ ಹಂತದಲ್ಲಿ 5 ವಾರ ಬಾಹ್ಯ ವಿಕಿರಣ, ವಾರಕ್ಕೊಮ್ಮೆ ಸಿಸ್ಪ್ಲಾಟಿನ್, ಕೊನೆಗೆ ಬ್ರೇಕಿಥೆರಪಿ. ಇವೆಲ್ಲ ಒಟ್ಟು 8 ವಾರಗಳೊಳಗೆ ಮುಗಿಯಬೇಕು. ಅವಧಿ ಲಂಬಿಸಿದಷ್ಟೂ ರೋಗ ಹತೋಟಿಗೆ ಬರುವ ಪ್ರಮಾಣ ಕುಗ್ಗುತ್ತದೆ.

ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ವಿಕಿರಣ, ಹಾರ್ಮೋನ್ ಮಾತ್ರೆ, ಗುರಿನಿರ್ದೇಶಿತ ಔಷಧ ಈ ಐದರಲ್ಲಿ ಯಾವುವು, ಯಾವ ಕ್ರಮದಲ್ಲಿ ಎಂಬುದು ಗ್ರಾಹಕ ಪರೀಕ್ಷೆ ಮತ್ತು ಹಂತದ ಮೇಲೆ ನಿಂತಿದೆ.

ಚಿಕಿತ್ಸೆಯ ಅವಧಿಯ ಆರೈಕೆ

ಕಿಮೋಥೆರಪಿಯ ನಂತರದ 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣಗಳು ಅತಿ ಕಡಿಮೆಯಾಗುತ್ತವೆ. ಆ ಅವಧಿಯಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ತುರ್ತುಸ್ಥಿತಿ. ಜ್ವರದ ಮಾತ್ರೆ ನುಂಗಿ ಮನೆಯಲ್ಲಿ ಕಾಯದೆ ಅದೇ ದಿನ ರಕ್ತಪರೀಕ್ಷೆ ಮತ್ತು ರಕ್ತನಾಳದ ಮೂಲಕ ಪ್ರತಿಜೀವಕ ದೊರೆಯುವ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಬಾಯಿ ಮತ್ತು ಕುತ್ತಿಗೆಯ ಭಾಗಕ್ಕೆ ವಿಕಿರಣ ಆರಂಭಿಸುವ ಮುನ್ನ ದಂತವೈದ್ಯರ ತಪಾಸಣೆ ಕಡ್ಡಾಯ. ಕೀಳಬೇಕಾದ ಹಲ್ಲನ್ನು 10ರಿಂದ 14 ದಿನ ಮೊದಲೇ ಕಿತ್ತು ಗಾಯ ಮಾಯಲು ಬಿಡುತ್ತಾರೆ. ವಿಕಿರಣದ ಎರಡನೆಯ ಅಥವಾ ಮೂರನೆಯ ವಾರದಿಂದ ಬಾಯಿ ಹುಣ್ಣಾಗಿ ಖಡಕ್ ಜೋಳದ ರೊಟ್ಟಿ, ಖಾರದ ಚಟ್ನಿಪುಡಿ ತಿನ್ನುವುದು ಕಷ್ಟವಾಗುತ್ತದೆ. ಆಗ ಗಂಜಿ, ಹಾಲು ಬೆರೆಸಿದ ಅಂಬಲಿ, ಮೆತ್ತಗಿನ ಮೊಸರನ್ನ, ಬೇಳೆಕಟ್ಟು, ಮೊಟ್ಟೆ ಉಪಯುಕ್ತ. ನುಂಗಲು ಆಗದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ. ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು ಸಾಮಾನ್ಯ ಸಲಹೆ. ವಿಕಿರಣ ಬಿದ್ದ ಚರ್ಮಕ್ಕೆ ಬಿಸಿಲು ತಾಗಬಾರದು. ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ದಾಟುವುದರಿಂದ ಹತ್ತಿಯ ಸಡಿಲ ಬಟ್ಟೆ, ಕೊರಳಿಗೆ ಮೆತ್ತನೆಯ ವಸ್ತ್ರ ಬೇಕು. ವೈದ್ಯರು ಹೇಳದ ಎಣ್ಣೆ, ಅರಿಸಿನ, ಲೇಪಗಳನ್ನು ಹಚ್ಚುವಂತಿಲ್ಲ.

ಅನುಸರಣಾ ಆರೈಕೆ

ಬಾಯಿ ಮತ್ತು ಗರ್ಭಕಂಠದ ಕ್ಯಾನ್ಸರುಗಳು ಮರುಕಳಿಸಿದರೆ ಹೆಚ್ಚಾಗಿ ಮೊದಲ 2ರಿಂದ 3 ವರ್ಷಗಳಲ್ಲೇ ಮರುಕಳಿಸುತ್ತವೆ. ಆದ್ದರಿಂದ ಮರುತಪಾಸಣೆ ಆರಂಭದಲ್ಲಿ ಒತ್ತೊತ್ತಾಗಿ, ಬರಬರುತ್ತ ವಿರಳವಾಗಿ ನಡೆಯುತ್ತದೆ. ಬಾಯಿ ಮತ್ತು ಗಂಟಲು ಕ್ಯಾನ್ಸರಿಗೆ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೆಯ ವರ್ಷ 2ರಿಂದ 6 ತಿಂಗಳಿಗೊಮ್ಮೆ, ಐದನೆಯ ವರ್ಷದವರೆಗೆ 4ರಿಂದ 8 ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ. ಗರ್ಭಕಂಠ ಕ್ಯಾನ್ಸರಿಗೆ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಐದು ವರ್ಷದವರೆಗೆ 6ರಿಂದ 12 ತಿಂಗಳಿಗೊಮ್ಮೆ. ಸ್ತನ ಕ್ಯಾನ್ಸರ್ ಹತ್ತು ವರ್ಷದ ನಂತರವೂ ಮರುಕಳಿಸಬಲ್ಲದು. ಅದಕ್ಕೆ ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ತಪಾಸಣೆ, ಜೊತೆಗೆ ಪ್ರತಿವರ್ಷ ಮ್ಯಾಮೊಗ್ರಾಂ.

ತಪಾಸಣೆಯಲ್ಲಿ ಪ್ರಧಾನವಾದುದು ವೈದ್ಯರು ಕೈಯಿಂದ ಮುಟ್ಟಿ, ಕಣ್ಣಿಂದ ನೋಡುವ ದೈಹಿಕ ಪರೀಕ್ಷೆ ಮತ್ತು ರೋಗಿಯ ದೂರುಗಳ ವಿಚಾರಣೆ. ಲಕ್ಷಣಗಳಿಲ್ಲದ ಸ್ತನ ಕ್ಯಾನ್ಸರ್ ರೋಗಿಗೆ ಪದೇ ಪದೇ ಇಡೀ ದೇಹದ ಸ್ಕ್ಯಾನ್ ಮಾಡಿಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲ ಎಂಬುದು ಅಧ್ಯಯನಗಳಿಂದ ತಿಳಿದಿದೆ. ನಿಗದಿತ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಇವು: ಹೊಸ ಗಂಟು, ಮೂರು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದ ರಕ್ತಸ್ರಾವ, ಬಿಡದ ಮೂಳೆನೋವು ಅಥವಾ ಕೆಮ್ಮು, ತೂಕ ಇಳಿಯುವುದು.

ತಡವಾದ ಪರಿಣಾಮಗಳ ನಿರ್ವಹಣೆ ಅನುಸರಣೆಯ ಎರಡನೆಯ ಭಾಗ. ಶಸ್ತ್ರಕ್ರಿಯೆ ಮತ್ತು ವಿಕಿರಣದಿಂದ ದವಡೆ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ ಬರದಂತೆ ದಿನವೂ ಬಾಯಿ ತೆರೆಯುವ ವ್ಯಾಯಾಮ ಬೇಕು. ವಿಕಿರಣಗೊಂಡ ದವಡೆಯ ಹಲ್ಲನ್ನು ಕ್ಯಾನ್ಸರ್ ತಜ್ಞರ ಸಲಹೆಯಿಲ್ಲದೆ ಕಿತ್ತರೆ ಮೂಳೆ ಕೊಳೆಯುವ ಅಪಾಯವಿದೆ. ಕುತ್ತಿಗೆಗೆ ವಿಕಿರಣ ಪಡೆದವರಿಗೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆ ಅಗತ್ಯ. ಕಂಕುಳ ಗ್ರಂಥಿ ತೆಗೆಸಿಕೊಂಡವರಲ್ಲಿ ತೋಳು ಊದಿಕೊಳ್ಳಬಹುದು. ಅದಕ್ಕೆ ತೋಳಿನ ವ್ಯಾಯಾಮ, ಒತ್ತುಪಟ್ಟಿ, ಗಾಯವಾಗದಂತೆ ಎಚ್ಚರ ಪರಿಹಾರಗಳು. ಡಾಕ್ಸೊರುಬಿಸಿನ್ ಎಂಬ ಕಿಮೋಥೆರಪಿ ಔಷಧ ಅಥವಾ ಟ್ರಾಸ್ಟುಜುಮ್ಯಾಬ್ ಪಡೆದವರಿಗೆ ಹೃದಯದ ಪರೀಕ್ಷೆಯೂ, ಲೆಟ್ರೊಜೋಲ್‌ನಂಥ ಮಾತ್ರೆ ಸೇವಿಸುವವರಿಗೆ ಮೂಳೆ ಸಾಂದ್ರತೆಯ ಪರೀಕ್ಷೆಯೂ ಬೇಕಾಗುತ್ತದೆ. ಧ್ವನಿಪೆಟ್ಟಿಗೆ ಕಳೆದುಕೊಂಡವರು ಕೃತಕ ಧ್ವನಿ ಸಾಧನದಿಂದ ಮತ್ತೆ ಮಾತಾಡಬಲ್ಲರು. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಮತ್ತು ಸಂಗಡಿಗರು ರೂಪಿಸಿದ ‘ಓಂ’ ಸಾಧನದ ಬೆಲೆ ಆರಂಭದಲ್ಲಿ ಸುಮಾರು 50 ರೂಪಾಯಿ ಆಗಿತ್ತು.

ತಂಬಾಕು ಮುಂದುವರಿಸಿದರೆ ಮರುಕಳಿಕೆಯೂ ಎರಡನೆಯ ಹೊಸ ಕ್ಯಾನ್ಸರೂ ಬರುವ ಸಂಭವ ಹೆಚ್ಚು. ಆದ್ದರಿಂದ ತಂಬಾಕು ಬಿಡಿಸುವ ಸಮಾಲೋಚನೆ ಅನುಸರಣೆಯ ಅಂಗ.

ದಾಖಲೆಗಳು. ಅನುಸರಣೆಗೆ ಆಧಾರ ರೋಗಿಯ ಫೈಲು. ಬಯಾಪ್ಸಿ ವರದಿ, ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್, ಸ್ಕ್ಯಾನ್ ಚಿತ್ರಗಳು, ಬಿಡುಗಡೆ ಪತ್ರ, ಕೊಟ್ಟ ಔಷಧದ ಹೆಸರು ಮತ್ತು ಪ್ರಮಾಣ, ವಿಕಿರಣದ ಒಟ್ಟು ಗ್ರೇ ಮತ್ತು ಜಾಗ ಇವು ಅದರಲ್ಲಿರಬೇಕು. ಒಮ್ಮೆ ವಿಕಿರಣ ಪಡೆದ ಜಾಗಕ್ಕೆ ಎರಡನೆಯ ಬಾರಿ ಕೊಡಬಹುದೇ ಎಂಬ ನಿರ್ಧಾರ ಹಳೆಯ ಪ್ರಮಾಣದ ದಾಖಲೆಯಿಲ್ಲದೆ ಅಸಾಧ್ಯ.

ಉಪಶಾಮಕ ಆರೈಕೆ

ನೋವು ಮತ್ತು ಇತರ ಬಾಧೆಗಳ ನಿವಾರಣೆಯೇ ಮುಖ್ಯವಾದ ಈ ಆರೈಕೆ ಕೊನೆಯ ದಿನಗಳಿಗೆ ಮಾತ್ರ ಸೀಮಿತವಲ್ಲ, ಗುಣಕಾರಕ ಚಿಕಿತ್ಸೆಯ ಜೊತೆಗೂ ಸಾಗುತ್ತದೆ. ತೀವ್ರ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಪ್ರಮುಖ ಔಷಧ. 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಂದ ತಿದ್ದುಪಡಿ ವೈದ್ಯಕೀಯ ಬಳಕೆಗೆ ಇದರ ಲಭ್ಯತೆಯನ್ನು ಸರಳಗೊಳಿಸಿತು. ಬೆಂಗಳೂರಿನ ಕರುಣಾಶ್ರಯ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುವ ಸಂಸ್ಥೆ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ಸೇವಾ ವ್ಯವಸ್ಥೆ

ಗುರುಗುಂಟಾ ಲಿಂಗಸುಗೂರು ತಾಲ್ಲೂಕಿನ ಹೋಬಳಿ ಗ್ರಾಮ, ಅಮರೇಶ್ವರ ಕ್ಷೇತ್ರದಿಂದ ಹೆಸರಾದ ಊರು. ಇಲ್ಲಿಯ ರೋಗಿಗೆ ಕ್ಯಾನ್ಸರ್ ಸೇವೆ ನಾಲ್ಕು ಸ್ತರಗಳಲ್ಲಿ ಹಂಚಿಹೋಗಿದೆ.

ಮೊದಲನೆಯದು ಆಶಾ ಕಾರ್ಯಕರ್ತೆ, ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ. 2016ರ ರಾಷ್ಟ್ರೀಯ ಮಾರ್ಗಸೂಚಿಯಂತೆ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆ ಈ ಸ್ತರದ ಹೊಣೆ. ಎರಡನೆಯದು ತಾಲ್ಲೂಕು ಆಸ್ಪತ್ರೆ. ರಕ್ತಪರೀಕ್ಷೆ, ಸೋಂಕಿನ ಜ್ವರದ ಮೊದಲ ಚಿಕಿತ್ಸೆ, ಗಾಯದ ಡ್ರೆಸ್ಸಿಂಗ್, ಮೇಲಿನ ಆಸ್ಪತ್ರೆಗೆ ಶಿಫಾರಸು ಇಲ್ಲಿ ನಡೆಯುತ್ತವೆ. ಮೂರನೆಯದು ಲಿಂಗಸುಗೂರಿನಿಂದ ಸುಮಾರು 90 ಕಿ.ಮೀ. ದೂರದ ರಾಯಚೂರು. ಅಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ರಿಮ್ಸ್ ಮತ್ತು ಒಪೆಕ್ ನಿಧಿಯ ನೆರವಿನಿಂದ ಕಟ್ಟಿದ, ಜನರು ಒಪೆಕ್ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇವೆ. ನಾಲ್ಕನೆಯದು ಸಮಗ್ರ ಕ್ಯಾನ್ಸರ್ ಕೇಂದ್ರಗಳು. ತಿಂಥಣಿ ಸೇತುವೆ, ಸುರಪುರ, ಶಹಾಪುರ ಮಾರ್ಗವಾಗಿ ತಲುಪುವ ಕಲಬುರಗಿಯ ಕಿದ್ವಾಯಿ ಘಟಕ, ಹುಬ್ಬಳ್ಳಿಯ ನವನಗರದ ಸಂಸ್ಥೆ, 400 ಕಿ.ಮೀ.ಗೂ ಹೆಚ್ಚು ದೂರದ ಬೆಂಗಳೂರಿನ ಕಿದ್ವಾಯಿ ಹಾಗೂ ನೆರೆರಾಜ್ಯದ ಹೈದರಾಬಾದ್ ಇವುಗಳಲ್ಲಿ ಸೇರುತ್ತವೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಈ ಹಂಚಿಕೆಯಿಂದಾಗಿ ವಿಕಿರಣ ಪಡೆಯುವವರು ಆರೇಳು ವಾರ ಪರ ಊರಿನಲ್ಲಿ ತಂಗಬೇಕಾಗುತ್ತದೆ. ಬಿತ್ತನೆ, ಭತ್ತದ ನಾಟಿ, ಹತ್ತಿ ಬಿಡಿಸುವ ಹಂಗಾಮಿನಲ್ಲಿ ಕೂಲಿ ತಪ್ಪುವುದು ಚಿಕಿತ್ಸೆ ನಡುವೆ ನಿಲ್ಲಲು ಒಂದು ಕಾರಣ. ವಿಕಿರಣ ಕಂತುಗಳ ನಡುವೆ ಬಿದ್ದ ಬಿಡುವು ಗಡ್ಡೆಯ ಕೋಶಗಳು ಮತ್ತೆ ಬೆಳೆಯಲು ಎಡೆಮಾಡಿಕೊಡುತ್ತದೆ.

ನೆರೆಯ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನೂ ಅದರಿಂದಾದ ಚರ್ಮದ ವಿಕಾರಗಳನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ದೀರ್ಘಕಾಲದ ಆರ್ಸೆನಿಕ್ ಸೇವನೆ ಚರ್ಮ, ಮೂತ್ರಕೋಶ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವುದರಿಂದ ಅಂಥ ನೀರು ಕುಡಿದವರಿಗೆ ನಿಯತ ತಪಾಸಣೆ ಅಗತ್ಯ.

ವೆಚ್ಚ ಮತ್ತು ನೆರವು

ಬಡತನ ರೇಖೆಗಿಂತ ಕೆಳಗಿನ (ಬಿಪಿಎಲ್) ಕುಟುಂಬಗಳಿಗೆ ಕ್ಯಾನ್ಸರೂ ಸೇರಿ ದುಬಾರಿ ಚಿಕಿತ್ಸೆಗಳನ್ನು ಉಚಿತವಾಗಿ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕರ್ನಾಟಕ ಸರ್ಕಾರ 2010ರಲ್ಲಿ ಮೊದಲು ಜಾರಿಗೊಳಿಸಿದ್ದು ರಾಯಚೂರು ಸೇರಿದ ಅಂದಿನ ಗುಲಬರ್ಗಾ ವಿಭಾಗದಲ್ಲಿ. ನಿರ್ವಹಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು. ಯೋಜನೆ ಇದ್ದ ಮತ್ತು ಇಲ್ಲದ ಗಡಿಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ರೋಗಗಳಿಂದ ಬಡವರಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90.

2018ರಲ್ಲಿ ಹಳೆಯ ಯೋಜನೆಗಳು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡು, ಅದೇ ವರ್ಷ ಆಯುಷ್ಮಾನ್ ಭಾರತ್ ಜೊತೆ ಸೇರಿದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ, ಬಡತನ ರೇಖೆಗಿಂತ ಮೇಲಿನ (ಎಪಿಎಲ್) ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ ರೂಪಾಯಿ ದೊರೆಯುತ್ತದೆ. ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮುಖ್ಯ ದಾಖಲೆಗಳು. 2019ರಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರ ಲಾಭಕ್ಕೆ ಶೇ 30ರ ಮಿತಿ ಹಾಕಿತು.

ಪ್ರಯಾಣಕ್ಕೆ ರೈಲ್ವೆಯ ರಿಯಾಯಿತಿ ಚಿಕಿತ್ಸೆಗೂ ಮರುತಪಾಸಣೆಗೂ ಅನ್ವಯ. ಸ್ಲೀಪರ್ ಮತ್ತು ಮೂರು ಹಂತದ ಹವಾನಿಯಂತ್ರಿತ ಬೋಗಿಗಳಲ್ಲಿ ರೋಗಿಗೆ ಪೂರ್ಣ, ಜೊತೆಗಾರರೊಬ್ಬರಿಗೆ ಶೇ 75ರ ವಿನಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. 2024ರಲ್ಲಿ ಸಿಂಧನೂರಿಗೆ ರೈಲು ಸಂಪರ್ಕ ದೊರೆಯಿತು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ.

ಪ್ರಸ್ತುತ ಸ್ಥಿತಿ

ಅಂತಾರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 14.1 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳೂ 9.2 ಲಕ್ಷ ಸಾವುಗಳೂ ಸಂಭವಿಸಿದವು. ಅದೇ ವರ್ಷ ಕರ್ನಾಟಕದ ಹೊಸ ಪ್ರಕರಣಗಳ ಅಂದಾಜು ಸುಮಾರು 90,000. ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ನಿರ್ವಹಿಸುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರ ಬೆಂಗಳೂರಿನಲ್ಲಿದೆ. ಆಸ್ಪತ್ರೆಗಳ ನಡುವೆ ಚಿಕಿತ್ಸಾ ಮಾನದಂಡಗಳನ್ನು ಏಕರೂಪಗೊಳಿಸಲು 2012ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ರಚನೆಯಾಯಿತು.

ಬೇಗ ಪತ್ತೆಹಚ್ಚುವ ಕ್ರಮಗಳ ಫಲ ದಖ್ಖನಿನ ಹಳ್ಳಿಗಳಲ್ಲೇ ದಾಖಲಾಗಿದೆ. ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಸುಮಾರು 1.31 ಲಕ್ಷ ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಬಾರಿ ಮಾಡಿದ ಎಚ್‌ಪಿವಿ ವೈರಸ್ ಪರೀಕ್ಷೆಯಿಂದ ಗರ್ಭಕಂಠ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿನ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠಗಳ ಕ್ಯಾನ್ಸರನ್ನೂ ಸೇರಿಸಿದೆ.

2025–26ರ ಕೇಂದ್ರ ಬಜೆಟ್ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕ್ಯಾನ್ಸರ್ ಘಟಕ ತೆರೆಯುವುದಾಗಿ ಘೋಷಿಸಿತು. 2025ರಲ್ಲಿ ಕರ್ನಾಟಕ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕಿಮೋಥೆರಪಿ ಕೇಂದ್ರಗಳನ್ನು ಆರಂಭಿಸಿತು. ಈ ಮಾದರಿಯಲ್ಲಿ ರೋಗನಿರ್ಣಯ, ಚಿಕಿತ್ಸಾ ಯೋಜನೆ ಮತ್ತು ಮೊದಲ ಆವರ್ತ ದೊಡ್ಡ ಕೇಂದ್ರದಲ್ಲಿ ನಡೆಯುತ್ತವೆ, ಮುಂದಿನ ಆವರ್ತಗಳೂ ಅನುಸರಣೆಯೂ ಊರಿಗೆ ಸಮೀಪದ ಆಸ್ಪತ್ರೆಗೆ ವರ್ಗವಾಗುತ್ತವೆ. ವಿಕಿರಣ ಚಿಕಿತ್ಸೆ, ಬ್ರೇಕಿಥೆರಪಿ ಮತ್ತು ಸಂಕೀರ್ಣ ಶಸ್ತ್ರಚಿಕಿತ್ಸೆಗಳು ಯಂತ್ರ ಮತ್ತು ತಜ್ಞರಿರುವ ನಗರಗಳಲ್ಲೇ ಉಳಿದಿವೆ.